ತಡವಾಗಿ ಕೇಳಿದ ಎರಡು ಗುಂಡು

ಚೋಂದಮ್ಮ ಕೋವಿಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೊಳೆ ದಾಟಿ ಬಂದಳು.

ಕೊಡಗಿನ ಆ ಹೊಳೆಯ ದಡದಲ್ಲಿ ಪಳಂಗಪ್ಪ ಒಬ್ಬನೇ ಇದ್ದ. ಒಂದು ಕಾಲದಲ್ಲಿ ಸುತ್ತಲಿನ ಊರುಗಳಿಗೆಲ್ಲ ಗುರಿ ಕಲಿಸಿದವನು. ಬೇಟೆ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಅವನು ಬೇಟೆಯನ್ನು ಬಿಟ್ಟ, ಜನ ಅವನನ್ನು ಬಿಟ್ಟರು.

"ಯಾರ ಮಗಳು?"

"ತಮ್ಮಯ್ಯನವರ ಮಗಳು. ಗುಡ್ಡದಾಚೆಯ ಮನೆ."

"ಹೇಗಿದ್ದಾನೆ ತಮ್ಮಯ್ಯ?"

"ಸತ್ತು ನಾಲ್ಕು ತಿಂಗಳಾಯಿತು."

ಪಳಂಗಪ್ಪ ಬೆಲ್ಲದ ಕಾಫಿಯ ಲೋಟವನ್ನು ಕೆಳಗಿಟ್ಟ. "ಗುಂಡು ಕೇಳಲಿಲ್ಲವಲ್ಲ!"

"ನೀವೂ ಅದನ್ನೇ ಹೇಳಿ," ಎಂದಳು ಚೋಂದಮ್ಮ. "ಊರಿಗೆ ಊರೇ ಅದನ್ನು ಬಾಯಿಪಾಠ ಮಾಡಿಕೊಂಡಿದೆ."

ಆ ಸೀಮೆಯಲ್ಲಿ ಮನೆಯಲ್ಲಿ ಗಂಡು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಯಾರಾದರೂ ತೀರಿಕೊಂಡರೆ ಎರಡು. ಎರಡು ಕೇಳಿತೆಂದರೆ ಗದ್ದೆಯಲ್ಲಿದ್ದವರು ಅಲ್ಲೇ ಕೆಲಸ ನಿಲ್ಲಿಸಿ, ಬಿಳಿ ಬಟ್ಟೆ ಉಟ್ಟು, ಸದ್ದು ಬಂದ ದಿಕ್ಕಿಗೆ ಹೊರಡುತ್ತಾರೆ.

ತಮ್ಮಯ್ಯ ಸತ್ತದ್ದು ಚುನಾವಣೆಯ ಸಮಯ. ಸರ್ಕಾರದ ಆದೇಶದಂತೆ ಒಪ್ಪಿಸಿದ ಊರಿನ ಕೋವಿಗಳೆಲ್ಲ ಠಾಣೆಯಲ್ಲಿ ಸಾಲಾಗಿ ನಿಂತಿದ್ದವು. ಗುಡ್ಡದ ಆ ಮನೆಗಳಿಗೆ ಫೋನು ಇನ್ನೂ ಬಂದಿರಲಿಲ್ಲ. ಹತ್ತಿರದ ನಾಲ್ಕು ಜನ ಹೆಣ ಹೊತ್ತರು. ಹಿಂದೆ ನಡೆದವಳು ಮಗಳು ಒಬ್ಬಳೇ.

ವಾರದ ಮೇಲೆ ಸಂತೆಯಲ್ಲಿ ಸಿಕ್ಕವರೆಲ್ಲ, ಗುಂಡು ಕೇಳಲಿಲ್ಲ, ಗೊತ್ತಾಗಲಿಲ್ಲ ಎಂದರು. ಗೊತ್ತಾದ ಮೇಲೂ ಯಾರೂ ಬರಲಿಲ್ಲ.

ಈಗ ಆ ಮನೆಯಲ್ಲಿ ಚೋಂದಮ್ಮ, ಒಂದು ನಾಯಿ, ಠಾಣೆಯಿಂದ ಮರಳಿದ ಕೋವಿ.

"ಹೊಡೆಯುವುದನ್ನು ಕಲಿಸಿ, ತಾತ. ಅಪ್ಪನ ಎರಡು ಗುಂಡು ಹೊಡೆಯಬೇಕು."

"ಈಗ? ಯಾರಿಗೆ ತಿಳಿಸಲು?"

"ಅಪ್ಪನಿಗೆ."

"ಸತ್ತದ್ದು ಅವನಿಗೆ ಗೊತ್ತಿದೆ."

ಚೋಂದಮ್ಮನಿಗೆ ಸಿಟ್ಟು ಬಂತು. "ಕಲಿಸುತ್ತೀರೋ, ಇಲ್ಲ ನಾನು ಮೊಣಕಾಲ ತನಕ ನೆನೆದದ್ದು ದಂಡವೋ?"

ಪಳಂಗಪ್ಪ ಕೈ ಚಾಚಿದ. "ಕೋವಿ ಕೊಡು."

ಅದು ಒಂಟಿ ನಳಿಗೆಯ ರೈಫಲ್. ಅವಳ ಮುತ್ತಜ್ಜ ಕಾಫಿ ತೋಟದ ದೊರೆಯೊಬ್ಬನಿಂದ ಪಡೆದದ್ದು. ಒಮ್ಮೆಗೆ ಒಂದೇ ಗುಂಡಿನ ತೋಟಾ ನುಂಗುತ್ತಿತ್ತು. ಮರದ ಹಿಡಿ ಎಂದೋ ಸೀಳಿತ್ತು. ಯಾರೋ ತಾಮ್ರದ ತಂತಿ ಸುತ್ತಿ ಬಿಗಿದಿದ್ದರು.

ಪಳಂಗಪ್ಪ ಅದನ್ನು ನೋಡಲಿಲ್ಲ. ಮೂಸಿದ. ಆಮೇಲೆ ಅವಳ ತೊಡೆಯ ಮೇಲಿಟ್ಟ.

"ಕಣ್ಣು ಮುಚ್ಚು. ಕೈಗೆ ಏನು ಸಿಗುತ್ತದೆ?"

"ಕಬ್ಬಿಣ. ಮರ."

"ನಾಳೆ ಬಾ."

ಮರುದಿನ ಅದೇ ಪ್ರಶ್ನೆ.

"ಕಬ್ಬಿಣ, ಮರ, ತಂತಿ. ನಿನ್ನೆಯೂ ಇದೇ ಇತ್ತು ತಾತ, ರಾತ್ರೋರಾತ್ರಿ ಇದಕ್ಕೇನು ಕೊಂಬು ಬರುತ್ತದೆಯೇ?"

"ನಾಳೆ ಬಾ."

ಏಳನೆಯ ದಿನ ಅವಳ ಬೆರಳು ಹಿಡಿಯ ಮೇಲೆ ಒಂದು ಕಡೆ ನಿಂತಿತು.

"ಇಲ್ಲಿ ಮರ ಸವೆದಿದೆ. ಸಣ್ಣ ತಗ್ಗು."

"ಯಾರು ಸವೆಸಿದ್ದು?"

ಚೋಂದಮ್ಮ ಬಹಳ ಹೊತ್ತು ಬೆರಳಾಡಿಸಿದಳು. "ಕೆನ್ನೆ. ಅಪ್ಪನ ಕೆನ್ನೆ."

"ಅವನೊಬ್ಬನದೇ?"

"ಅಜ್ಜನದು. ಮುತ್ತಜ್ಜನದೂ."

"ನಿನ್ನದನ್ನು ಇಡು."

ಇಟ್ಟಳು. ಮರ ತಣ್ಣಗಿತ್ತು. "ಸರಿಯಾಗಿ ಕೂರುವುದಿಲ್ಲ. ನನ್ನ ಮುಖ ಚಿಕ್ಕದು."

"ನಿನ್ನ ಅಪ್ಪನೂ ಮೊದಲ ದಿನ ಇದನ್ನೇ ಹೇಳಿದ್ದ," ಎಂದ ಪಳಂಗಪ್ಪ. ಅಂದು ಅವಳಿಗೆ ಮೊದಲ ತೋಟಾ ಕೊಟ್ಟ.

ಹೊಳೆಯ ಈಚೆಯ ಗುಡ್ಡದ ಬುಡದಲ್ಲಿ ಒಂದು ಮರವಿತ್ತು. ಅದರ ಕೊಂಬೆಗೆ ಪಳಂಗಪ್ಪ ತೆಂಗಿನಕಾಯಿ ಕಟ್ಟಿದ್ದ. ಚೋಂದಮ್ಮ ಗುರಿ ಇಟ್ಟಳು. ಕೋವಿ ಅವಳ ಭುಜವನ್ನು ಒದೆಯಿತು. ಕಾಯಿ ಅಲುಗಲಿಲ್ಲ.

"ನಾನು ಹುಟ್ಟಿದಾಗ ಈ ಕೋವಿ ಬಾಯಿ ಬಿಡಲಿಲ್ಲವಂತೆ," ಎಂದಳು ಭುಜ ಉಜ್ಜಿಕೊಳ್ಳುತ್ತ. "ಹೆಣ್ಣಲ್ಲವೇ, ಒಂದು ಗುಂಡು ಉಳಿಸಿದರು."

ಸದ್ದು ಗುಡ್ಡದಿಂದ ಗುಡ್ಡಕ್ಕೆ ಹೋಗಿ ಮುಗಿಯುವ ತನಕ ಪಳಂಗಪ್ಪ ಕಾದ.

"ನೀನು ಈಗ ಹುಟ್ಟಿದೆ," ಎಂದ.

ಅಂದಿನಿಂದ ದಿನಕ್ಕೆ ಒಂದೇ ತೋಟಾ. ಎಷ್ಟು ಬೇಡಿದರೂ ಎರಡನೆಯದು ಇಲ್ಲ.

ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಮೊದಮೊದಲು ಬೆಚ್ಚಿದರು. ಆಮೇಲೆ ನಗತೊಡಗಿದರು.

"ಏನೇ ಚೋಂದಿ, ಮುದುಕನ ಮನೆಯಲ್ಲಿ ದಿನಕ್ಕೊಂದು ಗಂಡು ಹುಟ್ಟುತ್ತಿದೆಯಾ?"

"ಹೌದಕ್ಕ, ಇಡಲು ಜಾಗವಿಲ್ಲ. ನಿಮಗೊಂದು ಕಳಿಸಲಾ?"

ನಗು ಹೊಳೆಯ ಮಧ್ಯದ ತನಕ ಅವಳ ಜೊತೆ ಬರುತ್ತಿತ್ತು. ಅಲ್ಲಿಂದಾಚೆ ಅವಳೊಬ್ಬಳೇ ನಡೆಯುತ್ತಿದ್ದಳು.

ಎರಡು ತಿಂಗಳು ಕಳೆಯಿತು. ಕಾಯಿ ಹಾಗೇ ತೂಗುತ್ತಿತ್ತು.

"ತಾತ, ತಪ್ಪು ನನ್ನದಲ್ಲ. ನಳಿಗೆಯೇ ಸೊಟ್ಟ. ಎಷ್ಟು ನೆಟ್ಟಗೆ ಗುರಿ ಇಟ್ಟರೂ ಗುಂಡು ಎಡಕ್ಕೆ ಹೋಗುತ್ತದೆ."

"ಹೋಗುತ್ತದೆ."

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಸಂತೆಯಲ್ಲಿ ಕೋವಿ ರಿಪೇರಿಯವನಿದ್ದಾನೆ. ಸರಿ ಮಾಡಿಸಿಬಿಡಲಾ?"

"ಮಾಡಿಸು. ನಳಿಗೆ ಸರಿಯಾಗುತ್ತದೆ, ನಿನ್ನ ಅಪ್ಪ ತಪ್ಪಾಗುತ್ತಾನೆ."

ಅವಳಿಗೆ ಅರ್ಥವಾಗಲಿಲ್ಲ. ಆದರೂ ರಿಪೇರಿಯವನ ಬಳಿ ಹೋಗಲಿಲ್ಲ.

ಒಂದು ದಿನ ಮಂಜು ಕವಿದು ಮರವೇ ಕಾಣಲಿಲ್ಲ. ಅಂದಿನ ತೋಟಾ ಸೆರಗಿನ ಗಂಟಿನಲ್ಲಿ ಉಳಿಯಿತು. ಅವಳು ಹಿಂದಿರುಗಿಸಲಿಲ್ಲ. ಪಳಂಗಪ್ಪ ಕೇಳಲಿಲ್ಲ.

ಮರುದಿನ ಬಿಸಿಲು. ಪಳಂಗಪ್ಪ ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದ. ಚೋಂದಮ್ಮ ಕೆನ್ನೆಯನ್ನು ತಗ್ಗಿನಲ್ಲಿಟ್ಟು ಹೊಡೆದಳು. ಕಾಯಿಯ ಎಡಕ್ಕೆ ತೊಗಟೆ ಸಿಡಿಯಿತು.

ಕೋವಿ ಇಳಿಸಬೇಕು ಎನ್ನುವಾಗ ಅವಳಿಗೆ ಅಪ್ಪನ ಮುಖ ಕಂಡಿತು. ಹಬ್ಬದ ದಿನ ಕಾಯಿಗೆ ಗುರಿ ಇಟ್ಟು ನಿಂತ ಅಪ್ಪ. ಎಲ್ಲರೂ ಕಾಯಿಯನ್ನು ನೋಡುತ್ತಿದ್ದರು. ಅಪ್ಪ ನೋಡುತ್ತಿದ್ದದ್ದು ಕಾಯಿಯ ಬಲಕ್ಕಿದ್ದ ಒಂದು ಎಲೆಯನ್ನು. ಚಿಕ್ಕವಳಾಗಿದ್ದಾಗ ಅವಳೇ ಛೇಡಿಸಿದ್ದಳು: ಅಪ್ಪಾ, ಕಾಯಿ ಅಲ್ಲಿದೆ, ಎಲ್ಲಿ ನೋಡ್ತೀಯಾ?

ಅವಳ ಕೈ ಸೆರಗಿನ ಗಂಟಿಗೆ ಹೋಯಿತು. ತೋಟಾ ನಳಿಗೆಗೆ ಹೋಯಿತು. ಕಾಯಿಯ ಬಲಕ್ಕೆ ಒಂದು ಎಲೆ ಅಲುಗುತ್ತಿತ್ತು. ಅವಳು ಎಲೆಗೆ ಹೊಡೆದಳು.

ಕಾಯಿ ಒಡೆದು ನೀರು ಚಿಮ್ಮಿತು.

"ತಾತ!" ಎಂದು ಕೂಗಿದಳು. "ಅಪ್ಪ ಹೊಡೆದ ಹಾಗೆಯೇ ಹೊಡೆದೆ! ನೋಡಿದಿರಾ?"

ಪಳಂಗಪ್ಪ ತಲೆ ಓರೆಮಾಡಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದ.

ಹೊಳೆಯಲ್ಲಿ ಬಟ್ಟೆ ಒಗೆಯುವ ಸದ್ದು ನಿಂತಿತ್ತು. ದೂರದ ಗದ್ದೆಯಲ್ಲಿ ಯಾರೋ ಯಾರನ್ನೋ ಕೂಗಿ ಕರೆದರು. ಇನ್ನೊಂದು ಗುಡ್ಡದಿಂದ ಇನ್ನೊಂದು ದನಿ ಓಗೊಟ್ಟಿತು.

ಚೋಂದಮ್ಮ ಅಲ್ಲೇ ಕುಳಿತಳು. "ಎರಡಾಯಿತು."

"ಆಯಿತು."

"ಆಕಾಶಕ್ಕೆ ಹೊಡೆಯಬೇಕಿತ್ತು. ಬಿಳಿ ಬಟ್ಟೆ ಉಟ್ಟು, ಮನೆಯ ಮುಂದೆ ನಿಂತು ಹೊಡೆಯಬೇಕಿತ್ತು. ಅಪ್ಪನದನ್ನು ಹೋಗಿ ಹೋಗಿ ತೆಂಗಿನಕಾಯಿಗೆ ಹೊಡೆದುಬಿಟ್ಟೆನಲ್ಲ ತಾತ. ಜನ ಬರುತ್ತಾರೆ. ಏನು ಹೇಳಲಿ?"

ಪಳಂಗಪ್ಪ ಒಳಗೆ ಹೋಗಿ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟ.

ತಾಸು ಕಳೆಯುವುದರೊಳಗೆ ಬಂದರು. ಬಿಳಿ ಬಟ್ಟೆಯವರು ಹೊಳೆ ದಾಟಿ ಬಂದರು, ಗದ್ದೆಯ ಬದುವಿನ ಮೇಲೆ ಸಾಲಾಗಿ ಬಂದರು. ಇಪ್ಪತ್ತು ವರ್ಷದಲ್ಲಿ ಆ ಅಂಗಳ ಅಷ್ಟು ಜನರನ್ನು ಕಂಡಿರಲಿಲ್ಲ. ಮುಂದೆ ಇದ್ದವನು ಪಕ್ಕದ ಊರಿನ ಮುದ್ದಯ್ಯ. ಏದುಸಿರು ಬಿಡುತ್ತ ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತ.

"ಅಯ್ಯೋ ತಾತ, ನೀವು ಇದ್ದೀರಾ!"

"ಇದ್ದೇನೆ ಮಾರಾಯ. ಬೇಜಾರಾಯಿತಾ?"

"ಎರಡು ಗುಂಡು ಕೇಳಿತು. ನೀವೇ ಹೋದಿರಿ ಅಂದುಕೊಂಡು ಊರೇ ಎದ್ದು ಬಂದಿದೆ."

"ಬದುಕಿದ್ದವನನ್ನು ನೋಡಲು ಇಷ್ಟು ಬೇಗ ಯಾರೂ ಬಂದಿರಲಿಲ್ಲ," ಎಂದ ಪಳಂಗಪ್ಪ.

ಕೆಲವರು ನೆಲ ನೋಡಿದರು. ಮುದ್ದಯ್ಯನ ಕಣ್ಣು ಚೋಂದಮ್ಮನ ಕೈಯ ಕೋವಿಯ ಮೇಲೆ ಬಿತ್ತು.

"ನೀನಾ ಹೊಡೆದದ್ದು? ಇದೇನು ಹುಡುಗಾಟವಾ? ಯಾರು ಸತ್ತರು ಅಂತ ಹೊಡೆದೆ?"

ಚೋಂದಮ್ಮ ಎದ್ದು ನಿಂತಳು. ಕೋವಿಯನ್ನು ಎದೆಗೆ ಒತ್ತಿಕೊಂಡಳು.

ಪಳಂಗಪ್ಪ ಒಳಗಿನಿಂದ ಚಾಪೆ ತಂದು ಅಂಗಳದಲ್ಲಿ ಹಾಸಿದ. ಸಾವಿನ ಮನೆಯಲ್ಲಿ ಮಕ್ಕಳು ಕೂರುವ ಕಡೆ ಚೋಂದಮ್ಮನನ್ನು ಕೈ ಹಿಡಿದು ಕೂರಿಸಿದ. ಕೋವಿಯನ್ನು ಅವಳ ಪಕ್ಕದಲ್ಲಿ ಮಲಗಿಸಿದ. ತನ್ನ ಹೆಗಲಿಗೆ ಒಂದು ಬಿಳಿ ಪಂಚೆ ಹಾಕಿಕೊಂಡು, ಬಂದವರ ಕಡೆ ತಿರುಗಿದ.

"ತಮ್ಮಯ್ಯ ಹೋದ. ಈಗ ಕೇಳಿಸಿತಲ್ಲ, ಕೂತುಕೊಳ್ಳಿ."