ಖಾಲಿಯಾಗದ ತಪ್ಪಲೆ

ಕೂತ್ಕೊಳ್ಳಿ, ಹೇಳ್ತೀನಿ. ನಗು ಬಂದ್ರೆ ತಡ್ಕೋಬೇಡಿ. ಒಂದೂರಲ್ಲಿ ಸಾಕವ್ವ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಮಾಯಿಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ಇವನ್ನ ಕಟ್ಕೊಂಡು ಹೆಂಗಪ್ಪಾ ಏಗಲಿ!" ಅಂತ ಸಾಕವ್ವ ದಿನಾ ಹಣೆ ಚಚ್ಚಿಕೊಳ್ಳೋಳು.

ಆ ವರ್ಷ ಊರಿಗೆ ಊರೇ ಚಳಿಜ್ವರ. ಎಲ್ಲಿ ಅಂಟೀತೋ ಅಂತ ಎಲ್ಲರೂ ಬಾಗಿಲು ಹಾಕ್ಕೊಂಡ್ರು. ಪಕ್ಕದ ಮನೇಲಿ ಒಲೆ ಹತ್ತಿತೋ ಇಲ್ವೋ ಕೇಳೋರಿಲ್ಲ. ಸಾಕವ್ವನಿಗೆ ತಡೀಲಿಲ್ಲ. ಒಂದು ತಪ್ಪಲೆ ಗಂಜಿ ಕಾಯಿಸಿದಳು.

"ಲೋ ಮಾಯಿಗ, ಜವರಮ್ಮನ ಮನೇಲಿ ಎಲ್ಲಾ ಮಲಗವ್ರೆ. ಇದನ್ನ ಬಾಗಿಲಲ್ಲಿಟ್ಟು ಬಾ!"

ಇಟ್ಟ, ಬಂದ. ನಾಯಿ ಬಂತು, ಕುಡೀತು, ಹೋಯ್ತು.

"ಅಯ್ಯೋ ದಡ್ಡ! ಅಲ್ಲೇ ಕೋಲು ಹಿಡ್ಕೊಂಡು ನಿಂತು, ಹತ್ರ ಬಂದದ್ದನ್ನ ಓಡಿಸಬೇಕಿತ್ತು ಕಣೋ!"

"ಆಗಲಿ ಕಣವ್ವ!"

ಮಾರನೇ ದಿನ ಕೋಲು ಹಿಡ್ಕೊಂಡು ನಿಂತ. ನಾಯಿ ಬರಲಿಲ್ಲ. ಜವರಮ್ಮನೇ ಗೋಡೆ ಹಿಡ್ಕೊಂಡು ಬಂದಳು.

"ಹೋಗಾಚೆ! ಹತ್ರ ಬಂದ್ರೆ ನೋಡು!" ಅಂತ ಕೋಲೆತ್ತಿದ. ಪಾಪ, ಅವಳು ಹೆದರಿ ಬಾಗಿಲು ಹಾಕ್ಕೊಂಡಳು. ತುಂಬಿದ ತಪ್ಪಲೆ ಹಂಗೇ ಮನೆಗೆ ವಾಪಸ್ಸು ಬಂತು.

"ಹಾಳಾದೋನೆ! ನಾಯಿಗೂ ಮನುಷ್ಯರಿಗೂ ವ್ಯತ್ಯಾಸ ಬೇಡ್ವಾ? ಬಾಗಿಲು ತಟ್ಟು. 'ಯಾರವ್ವ ಮನೇಲಿ? ಜ್ವರ ಹೆಂಗದೆ?' ಅಂತ ಬಾಯಿ ತುಂಬ ಕೇಳು. ಕೈಯಾರೆ ಕೊಡು. ಇನ್ಮೇಲೆ ತಪ್ಪಲೆ ಖಾಲಿ ಆಗದೆ ಈ ಹೊಸ್ತಿಲು ದಾಟಿದ್ರೆ ಕಾಲು ಮುರೀತೀನಿ!"

"ಆಗಲಿ ಕಣವ್ವ!"

ಮೂರನೇ ದಿನ ಸಾಕವ್ವನಿಗೇ ಜ್ವರ. ಆದ್ರೂ ಇದ್ದ ಅಕ್ಕಿನೆಲ್ಲಾ ಹಾಕಿ ಗಂಜಿ ಕಾಯಿಸಿ ಮಗನ ಕೈಗೆ ಕೊಟ್ಟಳು. ತನಗೆ ಅಂತ ಒಂದು ಸೌಟೂ ಉಳಿಸಿಕೊಳ್ಳಲಿಲ್ಲ. ಇವನು ಬೇಗ ಬಂದು ಒಂದು ಲೋಟ ಬಿಸಿನೀರು ಕೊಟ್ರೆ ಸಾಕು ಅಂತ ಚಾಪೆ ಮೇಲೆ ಬಿದ್ಕೊಂಡಳು.

ಮಾಯಿಗ ಈ ಸಲ ತಪ್ಪೇ ಮಾಡಲಿಲ್ಲ! ತಟ್ಟಿದ, ಕೇಳಿದ, ಕೊಟ್ಟ. ಜವರಮ್ಮ ಗಂಜಿ ಬಗ್ಗಿಸಿಕೊಂಡಳು. ಆದ್ರೆ ಕೊಟ್ಟೋರ ಪಾತ್ರೇನ ಖಾಲಿ ಕಳಿಸೋ ಪದ್ಧತಿ ನಮ್ಮ ಕಡೆ ಉಂಟಾ? ತೊಳೆದು, ಒಂದು ಹಿಡಿ ಅವರೆಕಾಳು ಹಾಕಿ ಕೊಟ್ಟಳು.

"ಅಯ್ಯಯ್ಯೋ, ಖಾಲಿ ಆಗಲೇ ಇಲ್ಲ! ಮನೆಗೆ ಹೆಂಗೆ ಹೋಗಲಿ?"

ಪಕ್ಕದ ಬಾಗಿಲು ತಟ್ಟಿದ. "ಯಾರವ್ವ ಮನೇಲಿ? ಜ್ವರ ಹೆಂಗದೆ?" ಅವರೆಕಾಳು ಹೋಯ್ತು, ಬೆಲ್ಲ ಬಂತು. ಮುಂದಿನ ಮನೆ ತಟ್ಟಿದ. ಬೆಲ್ಲ ಹೋಯ್ತು, ನಿಂಬೆಹಣ್ಣು ಬಂತು. ಅದರ ಮುಂದಿನ ಮನೆ. ನಿಂಬೆಹಣ್ಣು ಹೋಯ್ತು, ಮೆಣಸು ಬಂತು! ಹಾಕಿದ್ದ ಬಾಗಿಲು ಒಂದೊಂದೇ ತೆಗೀತು. ವಾರದಿಂದ ಹೆಂಗಿದ್ದೀರಿ ಅನ್ನೋ ಮಾತನ್ನ ಯಾರ ಬಾಯಲ್ಲೂ ಕೇಳದೋರು, ಪೆದ್ದನ ಬಾಯಲ್ಲಾದ್ರೂ ಕೇಳಿ ಎದ್ದು ಕೂತ್ರು. ಕೊನೇ ಮನೇಲಿ ಆಗಲೇ ಒಲೆ ಹತ್ತಿತ್ತು. ಅವರು ತಪ್ಪಲೆ ತುಂಬ ಬಿಸಿ ಗಂಜಿ ಸುರಿದ್ರು.

ಊರೆಲ್ಲಾ ಮುಗೀತು. ಇನ್ನು ಉಳಿದಿದ್ದು ಅವನ ಮನೆ ಬಾಗಿಲೊಂದೇ. ಅದನ್ನೂ ತಟ್ಟಿದ.

"ಯಾರವ್ವ ಮನೇಲಿ? ಜ್ವರ ಹೆಂಗದೆ?"

"ನಾನು ಕಣೋ, ನಿಮ್ಮವ್ವ! ಗಂಟಲು ಒಣಗಿ ಸಾಯ್ತಾ ಇದ್ದೀನಿ, ಒಳಗೆ ಬಾರೋ!"

"ಬರಂಗಿಲ್ಲ ಕಣವ್ವ, ತಪ್ಪಲೆ ಖಾಲಿ ಆಗಿಲ್ಲ! ನೀನೇ ಬಗ್ಗಿಸ್ಕೋ!"

ಸಾಕವ್ವ ತೆವಳಿಕೊಂಡು ಬಂದಳು. ಬಿಸಿ ಗಂಜಿ ಬಗ್ಗಿಸಿಕೊಂಡು ಕುಡಿದಳು. ಹೋದ ಜೀವ ಬಂದಂಗಾಯ್ತು. ನಮ್ಮ ಮನೆಗೂ ಕೊಡೋರಿದ್ದಾರಲ್ಲಪ್ಪಾ ಅಂತ ಕಣ್ಣು ತುಂಬಿ ಬಂತು. ಆ ಸಂತೋಷದಲ್ಲಿ, ಜನ್ಮದ ಅಭ್ಯಾಸ ನೋಡಿ, ತಪ್ಪಲೆ ತೊಳೆದು, ಒಂದು ಚೂರು ಕೊಬ್ಬರಿ ಹಾಕಿ ಮಗನ ಕೈಗೆ ಕೊಟ್ಟುಬಿಟ್ಟಳು!

ಮಾಯಿಗ ಬಗ್ಗಿ ನೋಡಿದ.

"ನೀನೂ ಹಿಂಗೇ ಮಾಡಿದ್ಯಾ ಅವ್ವ!" ಅಂದೋನೇ, ತಿರುಗಿ ಜವರಮ್ಮನ ಬಾಗಿಲು ತಟ್ಟೋಕೆ ಹೊರಟ.