ಹಾಜರಿಗೆ ಬಾರದ ಮಿಣುಕಿ

ಮಕ್ಕಳೇ, ಕಾಡುಪಾಪವನ್ನು ನೋಡಿದ್ದೀರಾ? ಅಂಗೈಯಷ್ಟು ಮೈ, ಮುಖದ ತುಂಬ ಕಣ್ಣು. ಹಗಲೆಲ್ಲ ಮಲಗುತ್ತದೆ, ಕತ್ತಲಾದ ಮೇಲೆ ಹುಳು ಹಿಡಿಯಲು ಹೊರಡುತ್ತದೆ. ಕೆರೆ ದಂಡೆಯ ಅತ್ತಿಮರದ ಪೊಟರೆಯಲ್ಲಿ ಮಿಣುಕಿ ಎಂಬ ಕಾಡುಪಾಪ ಇದ್ದಳು. ಹೆಬ್ಬಾವು ತಲೆ ತೂರಿಸಲಾಗದಷ್ಟು ಕಿರಿದಾದ ಪೊಟರೆ ಆ ಕಾಡಿನಲ್ಲಿ ಅದೊಂದೇ.

ಅದೇ ಮರದ ತುದಿಯಲ್ಲಿ ಮುಸುವ, ಅಂದರೆ ಕರಿಮುಖದ ಕೋತಿ, ಬಾಲಪ್ಪನ ಕಾವಲು. ಚಿರತೆ ಕಂಡರೆ ಅವನು ಕೂಗಬೇಕು, ಕೆಳಗೆ ನೀರು ಕುಡಿಯುವ ಜಿಂಕೆಗಳು ಓಡಬೇಕು. ಕೆಲಸವನ್ನೇನೋ ಚೆನ್ನಾಗಿಯೇ ಮಾಡುತ್ತಿದ್ದ. ಆದರೆ ಎಚ್ಚರವಾಗಿರುವುದು ತನ್ನೊಬ್ಬನಿಗೇ ಗೊತ್ತೆಂಬ ಜಂಬ ನೆತ್ತಿಗೇರಿತ್ತು. ಒಂದು ದಿನ ಮಧ್ಯಾಹ್ನ ಮರದವರೆಲ್ಲರ ಹಾಜರಿ ಕೂಗಲು ಶುರುಮಾಡಿದ.

"ಅಳಿಲಕ್ಕ?"

"ಬಂದೆ."

"ಮರಕುಟಿಗ?"

"ಬಂದೆ."

"ಮಿಣುಕಿ?"

ಮಿಣುಕಿ ಗಾಢ ನಿದ್ದೆಯಲ್ಲಿದ್ದಳು. ಬಾಲಪ್ಪ ಪೊಟರೆಗೆ ಕೈ ಹಾಕಿ ಅವಳನ್ನು ಅಲುಗಾಡಿಸಿದ. "ಏಳೇ ಸೋಮಾರಿ. ನಾಳೆಯಿಂದ ಹಾಜರಿಗೆ ಬರದಿದ್ದರೆ ಪೊಟರೆ ಖಾಲಿ ಮಾಡು."

ಮಿಣುಕಿಗೆ ಮೈಯೆಲ್ಲ ಉರಿಯಿತು. ಪೊಟರೆ ಬಿಟ್ಟರೆ ಹೆಬ್ಬಾವಿನ ಹೊಟ್ಟೆಯೇ ಗತಿ. ಆದರೂ ಅವಳು ಬೇಡಿಕೊಳ್ಳಲಿಲ್ಲ.

"ಬರುವುದಿಲ್ಲ. ನಮ್ಮಮ್ಮ ಹಗಲು ಮಲಗಿದಳು, ಅವಳಮ್ಮನೂ ಮಲಗಿದಳು. ಇದು ಬೀಜದಲ್ಲೇ ಬಂದದ್ದು. ದಾಸವಾಳ ಬೆಳಗ್ಗೆ ಅರಳುತ್ತದೆ, ಮಲ್ಲಿಗೆ ಸಂಜೆ. ಮಲ್ಲಿಗೆಗೂ ಹೋಗಿ ಬೈಯುತ್ತೀಯಾ?"

"ಬೀಜವೂ ಇಲ್ಲ, ಗೀಜವೂ ಇಲ್ಲ. ನಿದ್ದೆ ಅನ್ನೋದು ಮೈಗಳ್ಳತನ. ನಾನು ಮನಸ್ಸು ಮಾಡಿದರೆ ನಾಲ್ಕು ದಿನ ಕಣ್ಣು ಮುಚ್ಚುವುದಿಲ್ಲ."

"ಹಾಗಾದರೆ ಮುಚ್ಚಬೇಡ. ಗೆದ್ದರೆ ನಾನೇ ಪೊಟರೆ ಬಿಡುತ್ತೇನೆ. ಸೋತರೆ ಹಗಲಲ್ಲಿ ನನ್ನ ಹೆಸರು ಎತ್ತಕೂಡದು."

ಬಾಲಪ್ಪ ಒಪ್ಪಿದ. ಕಾಡಂಚಿನ ತೋಟದಿಂದ ಕಾಫಿ ಹಣ್ಣು ಕಿತ್ತು ತಂದು, ಬೀಜವನ್ನೂ ಬಿಡದೆ ಕಟಕಟ ಜಗಿದ. ಸಂಜೆ ಎದ್ದ ಮಿಣುಕಿ ಅದನ್ನು ಕಂಡಳು.

"ಬಾಲಪ್ಪಣ್ಣ, ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನೊಳಗೆ ಜೋಂಪಿನ ರಸ ಹನಿಹನಿಯಾಗಿ ತುಂಬುತ್ತದೆ. ಅದು ಇಳಿಯುವುದು ನಿದ್ದೆಯಿಂದ ಮಾತ್ರ. ಕಾಫಿ ಅದನ್ನು ನಿನ್ನಿಂದ ಮರೆಮಾಡುತ್ತದೆ, ಅಷ್ಟೇ. ಜಿಂಕೆಗಳಿಗಾದರೂ ನಿಜ ಹೇಳು."

"ಯಾರನ್ನು ಹೆದರಿಸ್ತೀಯೇ?" ಎಂದು ಬಾಲಪ್ಪ ನಕ್ಕ.

ಮಿಣುಕಿಯೇ ಕೆಳಗಿಳಿದು ಜಿಂಕೆಗಳಿಗೆ ಹೇಳಿದಳು: "ಈ ನಾಲ್ಕು ದಿನ ನಿಮ್ಮ ಕಿವಿಯನ್ನೇ ನಂಬಿ."

ಮೊದಲ ದಿನ ಬಾಲಪ್ಪ ಕೊಂಬೆಯಿಂದ ಕೊಂಬೆಗೆ ಹಾರಿದ್ದೇ ಹಾರಿದ್ದು. ಎರಡನೆಯ ದಿನ ಮರಕುಟಿಗನನ್ನು ಅಳಿಲಕ್ಕ ಎಂದು ಕರೆದ. ಮೂರನೆಯ ದಿನ ಮಧ್ಯಾಹ್ನ ಹಾಜರಿ ಕೂಗುತ್ತಿದ್ದಂತೆಯೇ ಅವನ ತಲೆ ಎದೆಯ ಮೇಲೆ ಜೋತುಬಿತ್ತು. ಪೊದೆಯಲ್ಲಿ ಚಿರತೆ ಹೊಂಚುತ್ತಿತ್ತು. ಕೂಗಬೇಕಾದವನು ಗೊರಕೆ ಹೊಡೆಯುತ್ತಿದ್ದ.

ಕಿವಿ ನಿಮಿರಿಸಿಕೊಂಡಿದ್ದ ಜಿಂಕೆಗಳು ತರಗೆಲೆಯ ಸದ್ದು ಕೇಳಿ ಓಟ ಕಿತ್ತವು. ಬಾಲಪ್ಪ ಮಾತ್ರ ಕೊಂಬೆಯಿಂದ ಜಾರಿ, ಹಲಸಿನ ಹಣ್ಣಿನಂತೆ ದೊಪ್ಪನೆ ಚಿರತೆಯ ಮುಂದೆಯೇ ಬಿದ್ದ. ಬಿದ್ದ ಪೆಟ್ಟಿಗೆ ಎಚ್ಚರವಾಗಿ ಹೇಗೋ ಮರ ಹತ್ತಿದ. ಅರ್ಧ ಬಾಲ ಚಿರತೆಯ ಬಾಯಲ್ಲೇ ಉಳಿಯಿತು.

ಅಂದು ಮಲಗಿದವನು ಮರುದಿನ ಸಂಜೆಗೆ ಎದ್ದ. ಮಿಣುಕಿ ಆಗಷ್ಟೇ ಪೊಟರೆಯಿಂದ ಹೊರಬರುತ್ತಿದ್ದಳು. ಬಾಲಪ್ಪ ಗಂಟಲು ಸರಿಮಾಡಿಕೊಂಡ.

"ಮಿಣುಕಿ, ನೀನು ಇಲ್ಲೇ ಇರಬಹುದು. ನನ್ನ ಅಪ್ಪಣೆಯಿದೆ."

ಮಿಣುಕಿ ಆ ದೊಡ್ಡ ಕಣ್ಣುಗಳನ್ನು ಅವನ ಮೇಲೆ ನೆಟ್ಟಳು. "ನಿನ್ನ ಅಪ್ಪಣೆ ಕೇಳಿದವರು ಯಾರು? ನನ್ನ ನಿದ್ದೆ ನನ್ನದು, ಪೊಟರೆಯೂ ನನ್ನದು. ನಿನ್ನ ನಿದ್ದೆಯ ಹೊತ್ತಾಯಿತು, ಹೋಗಿ ಮಲಗು. ನನಗೆ ಕೆಲಸವಿದೆ."

ನೀತಿ: ಹುಟ್ಟಿನಿಂದ ಬಂದ ದೇಹಧರ್ಮವನ್ನು ಸೋಮಾರಿತನವೆಂದು ಹೀಗಳೆಯುವವರ ಮುಂದೆ ತಲೆ ತಗ್ಗಿಸಬೇಕಿಲ್ಲ.