ಕಾಟಯ್ಯನ ಗೆರೆ

"ಗುರುಗಳೇ, ಒಂದು ಮೈಲಿ ಓಟದಲ್ಲಿ ಹಿಂದಿನವರು ದೊಡ್ಡವರೋ, ಈಗಿನವರೋ?"

ಮಠದ ಜಗಲಿಯ ಮೇಲೆ ಶಿಷ್ಯ ಹೀಗೆ ಕೇಳಿದ. ಮಧ್ಯಾಹ್ನ ದಾಸೋಹಕ್ಕೆ ಬಂದ ಇಬ್ಬರು ಎಲೆಯ ಮುಂದೆ ಕೂತೇ ಈ ವಿಷಯಕ್ಕೆ ವಾದಕ್ಕೆ ಬಿದ್ದಿದ್ದರು. ಈಗಿನ ಓಟಗಾರರು ಹಿಂದಿನವರ ದಾಖಲೆಗಳನ್ನೆಲ್ಲ ಮುರಿದು ಹಾಕಿದ್ದಾರೆ, ಆದ್ದರಿಂದ ಇವರೇ ದೊಡ್ಡವರು ಎಂದು ಒಬ್ಬ ಹೇಳಿದ. ಮೆತ್ತನೆಯ ಓಟದ ಹಾದಿ, ಪುಟಿಯುವ ಬೂಟು, ತೂಗಿ ಕೊಡುವ ಊಟ ಇವೆಲ್ಲ ಹಿಂದಿನವರಿಗೂ ಸಿಕ್ಕಿದ್ದರೆ ಆಗ ಗೊತ್ತಾಗುತ್ತಿತ್ತು ಎಂದು ಇನ್ನೊಬ್ಬ ಹೇಳಿದ. ಶಿಷ್ಯನಿಗೆ ಎರಡೂ ಸರಿಯೆನಿಸಿತು. ಹಾಗಾಗಿಯೇ ಅವನ ನೆಮ್ಮದಿ ಕೆಟ್ಟಿತ್ತು.

ಗುರು ಈ ಕತೆ ಹೇಳಿದರು.

ಒಂದು ಪಾಳೆಯಪಟ್ಟಿನಲ್ಲಿ ಕಾಟಯ್ಯನೆಂಬ ಓಲೆಕಾರನಿದ್ದ. ನಾಯಕನ ಓಲೆಗಳನ್ನು ಊರಿಂದೂರಿಗೆ ಓಡಿ ಮುಟ್ಟಿಸುವುದು ಅವನ ಕೆಲಸ. ಆ ಊರಿನಲ್ಲಿ ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಓಟದ ಪಂದ್ಯ ನಡೆಯುತ್ತಿತ್ತು. ಕೋಟೆ ಬಾಗಿಲಿನಿಂದ ಹೊರಟು, ಕೆರೆಯ ತೂಬಿನ ಕಲ್ಲು ಮುಟ್ಟಿ, ಮತ್ತೆ ಬಾಗಿಲಿಗೆ ಬರಬೇಕು. ಹೋಗಿ ಬರುವ ದಾರಿ ಒಟ್ಟು ಈಗಿನ ಲೆಕ್ಕದಲ್ಲಿ ಒಂದು ಮೈಲಿ. ಹೊತ್ತು ಅಳೆಯಲು ಬಾಗಿಲ ಬಳಿ ನೀರು ತುಂಬಿದ ಕೊಪ್ಪರಿಗೆ ಇಟ್ಟು, ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲೊಂದನ್ನು ಅದರಲ್ಲಿ ತೇಲಿಬಿಡುತ್ತಿದ್ದರು. ಓಟಗಾರ ಹಿಂತಿರುಗಿ ಬಾಗಿಲ ಕಲ್ಲು ಮುಟ್ಟಿದ ಕೂಡಲೇ ಬಟ್ಟಲನ್ನು ಎತ್ತಿ, ತೂತಿಗೆ ಬೆರಳಿಟ್ಟು, ಒಳಗೆ ನೀರು ಎಷ್ಟು ಬಂದಿದೆ ಎಂದು ಹಿರಿಯರು ನೋಡುತ್ತಿದ್ದರು. ನೀರು ಕಡಿಮೆ ಇದ್ದಷ್ಟೂ ಓಟ ಜೋರು.

ಪ್ರಾಯದ ಕಾಲದಲ್ಲಿ ಕಾಟಯ್ಯ ಒಂದು ಸಲ ಎಂಥ ಓಟ ಓಡಿದನೆಂದರೆ, ಬಟ್ಟಲಿಗೆ ಇನ್ನೂ ಅರ್ಧ ನೀರು ಬಂದಿರಲಿಲ್ಲ. ನಾಯಕ ಕಂಚುಗಾರನನ್ನು ಕರೆಸಿ, ನೀರು ನಿಂತ ಮಟ್ಟಕ್ಕೆ ಬಟ್ಟಲಿನ ಒಳಗೆ ಒಂದು ಗೆರೆ ಕೊರೆಸಿದ. ಊರು ಅದಕ್ಕೆ ಕಾಟಯ್ಯನ ಗೆರೆ ಎಂದು ಹೆಸರಿಟ್ಟಿತು. ಆಮೇಲೆ ಎಷ್ಟೋ ಜನ ಓಡಿದರು. ಎಲ್ಲರ ನೀರೂ ಆ ಗೆರೆಯನ್ನು ಮುಳುಗಿಸಿಯೇ ನಿಲ್ಲುತ್ತಿತ್ತು. ಕರು ಹಗ್ಗ ಹರಿದುಕೊಂಡು ಓಡಿದರೆ ಹೆಂಗಸರು "ಕಾಟಯ್ಯನ ಹಾಗೆ ಓಡಿತಲ್ಲ" ಎನ್ನುತ್ತಿದ್ದರು. ಅವನಿಗೆ ವಯಸ್ಸಾಗಿ ಮಂಡಿ ಹಿಡಿದುಕೊಂಡ ಮೇಲೆ ನಾಯಕ ಅವನನ್ನೇ ಬಟ್ಟಲು ಕಾಯುವವನನ್ನಾಗಿ ಮಾಡಿದ. ಪ್ರತಿ ಪಂದ್ಯದಲ್ಲೂ ಬಟ್ಟಲನ್ನು ಎತ್ತಿ, ಮುಳುಗಿದ ತನ್ನ ಗೆರೆಯನ್ನು ಹಿರಿಯರಿಗೆ ತೋರಿಸುವುದೇ ಅವನ ಮುಪ್ಪಿನ ಸುಖವಾಯಿತು.

ಹೀಗಿರುವಾಗ ಒಂದು ವರ್ಷ ದುರುಗ ಎಂಬ ದನ ಕಾಯುವ ತರುಣ ಪಂದ್ಯಕ್ಕೆ ಬಂದ. ಓಡಿದ. ಬಾಗಿಲ ಕಲ್ಲು ಮುಟ್ಟಿದ. ಕಾಟಯ್ಯ ಬಟ್ಟಲನ್ನೆತ್ತಿ ನೋಡಿದರೆ ಗೆರೆ ಒಣಗಿತ್ತು. ನೀರು ಅದರ ಕೆಳಗೇ ನಿಂತಿತ್ತು.

ಜನ ದುರುಗನನ್ನು ಹೆಗಲ ಮೇಲೆ ಹೊತ್ತುಕೊಂಡರು. ಕಾಟಯ್ಯನೂ ನಕ್ಕ. ಹುಡುಗನ ಬೆನ್ನು ತಟ್ಟಿ, ನಾಲ್ಕು ಜನಕ್ಕೆ ಕೇಳುವಂತೆ "ಭೇಷ್" ಎಂದ. ಮನೆಗೆ ಹೋಗಿ ಉಣ್ಣಲು ಕೂತವನು ಮುದ್ದೆ ಮುರಿಯದೆ ಎದ್ದ.

ಮರುದಿನದಿಂದ ಅವನು ದುರುಗನ ಓಟವನ್ನು ಮನಸ್ಸಿನಲ್ಲೇ ಬಿಡಿಸಿ ನೋಡತೊಡಗಿದ. ತಾನು ಓಡಿದ್ದು ಬಂಡೆ, ಕೊರಕಲು, ಜಾಲಿಮುಳ್ಳಿನ ಹಳೆಯ ಕಾಲುದಾರಿಯಲ್ಲಿ. ಇವನು ಓಡಿದ್ದು ಬಂಡಿಗಳಿಗಾಗಿ ಆಮೇಲೆ ಮಾಡಿಸಿದ, ಮಣ್ಣು ಹಾಕಿ ತಟ್ಟಿದ ದಾರಿಯಲ್ಲಿ. ತಾನು ಓಡಿದ್ದು ಬರಿಗಾಲಲ್ಲಿ. ಇವನ ಕಾಲಿಗೆ ಹಗುರವಾದ ಮೆಟ್ಟು ಇತ್ತು. ತಾನು ಹಿಂದಿನ ದಿನವಷ್ಟೇ ಓಲೆ ಮುಟ್ಟಿಸಿ ದಣಿದು ಬಂದಿದ್ದ. ಇವನು ಮರದ ನೆರಳಲ್ಲಿ ಮಲಗಿ ಎದ್ದು ಬಂದವನು. ಅವನು ಎಣಿಸಿಕೊಂಡದ್ದೆಲ್ಲ ನಿಜವೇ. ಸುಳ್ಳಾಗಿದ್ದರೆ ಅವನು ಎಂದೋ ಬಿಟ್ಟುಬಿಡುತ್ತಿದ್ದ. ನಿಜವಾಗಿದ್ದರಿಂದ ಹೊಟ್ಟೆಯೊಳಗಿನ ಕಿಚ್ಚಿಗೆ ಸೌದೆಯಾಯಿತು. ತಾನು ಓಡುತ್ತಿದ್ದ ಕಾಲದಲ್ಲಿ ಅರಮನೆಯಿಂದ ದಿನವೂ ಹಾಲು ಬರುತ್ತಿತ್ತು, ದುರುಗನಿಗೆ ಹಳಸಿದ ಅಂಬಲಿಯೇ ಗತಿ ಎಂಬುದೂ ನಿಜವೇ ಆಗಿತ್ತು. ಅದನ್ನು ಅವನು ಎಣಿಸಲಿಲ್ಲ.

ಒಂದು ದಿನ ಬಾವಿಯ ಹತ್ತಿರ ಹೋಗುತ್ತಿದ್ದಾಗ, ಕೊಡ ಹೊತ್ತ ಹೆಂಗಸೊಬ್ಬಳು ಓಡಿಹೋಗುವ ಮೇಕೆಯನ್ನು ನೋಡಿ "ದುರುಗನ ಹಾಗೆ ಓಡಿತಲ್ಲ" ಎಂದಳು. ಕಾಟಯ್ಯ ಅಲ್ಲಿಂದಲೇ ಮನೆಗೆ ಮರಳಿದ.

ಅವನ ಹೆಂಡತಿ ಮಾರಕ್ಕ ಅವನ ಮುಖ ನೋಡಿ ಕೇಳಿದಳು. "ನೀವು ಮೊದಲ ಸಲ ಗೆದ್ದಾಗ ಯಾರನ್ನೋ ಹಿಂದೆ ಹಾಕಿದಿರಲ್ಲ, ಅವನೂ ಹೀಗೇ ಊಟ ಬಿಟ್ಟಿದ್ದನೇ?"

ಕಾಟಯ್ಯ ಯೋಚಿಸಿದ. ತನಗಿಂತ ಮುಂಚೆ ಊರಿನಲ್ಲಿ ಹೆಸರಾಗಿದ್ದ ಓಟಗಾರ ಒಬ್ಬನಿದ್ದ. ಕೆಂಚು ಮೀಸೆ, ಉದ್ದ ಕಾಲು ಕಣ್ಣ ಮುಂದೆ ಬಂದವು. ಎಷ್ಟು ತಡಕಾಡಿದರೂ ಅವನ ಹೆಸರು ಬರಲಿಲ್ಲ. ಮಾರಕ್ಕನಿಗೂ ಗೊತ್ತಿರಲಿಲ್ಲ. ಊರಿನ ಹಿರಿಯರನ್ನು ಕೇಳಿದ, ಅವರಿಗೂ ಗೊತ್ತಿರಲಿಲ್ಲ. ಆಗ ಕಾಟಯ್ಯನಿಗೆ ನಿಜವಾದ ಭಯ ಹುಟ್ಟಿತು. ಹೊಟ್ಟೆಕಿಚ್ಚಿಗೆ ಭಯ ಸೇರಿದರೆ ಮನುಷ್ಯ ಸುಮ್ಮನೆ ಕೂರುವುದಿಲ್ಲ.

ಮುಂದಿನ ವರ್ಷದ ಪಂದ್ಯದ ಹೊತ್ತಿಗೆ ಅವನು ನಾಯಕನ ಮುಂದೆ ನಿಂತು ಕೈಮುಗಿದ. "ಒಡೆಯಾ, ಹೊಸ ದಾರಿಯ ಓಟವನ್ನೂ ಹಳೆ ದಾರಿಯ ಓಟವನ್ನೂ ಒಂದೇ ಬಟ್ಟಲಲ್ಲಿ ಅಳೆಯುವುದು ನ್ಯಾಯವಲ್ಲ. ದುರುಗ ನಾನು ಓಡಿದ ದಾರಿಯಲ್ಲಿ, ನಾನು ಓಡಿದ ಹಾಗೆ ಬರಿಗಾಲಲ್ಲಿ ಓಡಲಿ. ಆಮೇಲೆ ಅವನು ದೊಡ್ಡವನೆಂದು ನಾನೇ ಡಂಗುರ ಸಾರುತ್ತೇನೆ."

ಮಾತು ನ್ಯಾಯವಾಗಿತ್ತು. ನಾಯಕ ಒಪ್ಪಿದ. ದುರುಗನನ್ನು ಕೇಳಿದರೆ ಅವನು ಎರಡು ಮಾತಾಡದೆ ಮೆಟ್ಟು ಕಳಚಿಟ್ಟ.

ಹಳೆಯ ದಾರಿಯಲ್ಲಿ ಜನ ಓಡಾಟ ಬಿಟ್ಟು ಎಷ್ಟೋ ವರ್ಷವಾಗಿತ್ತು. ಕಾಟಯ್ಯನ ಕಾಲದಲ್ಲಿ ಇದ್ದುದಕ್ಕಿಂತ ಮುಳ್ಳು ಈಗ ಹೆಚ್ಚಿತ್ತು. ಅದು ಕಾಟಯ್ಯನಿಗೆ ಗೊತ್ತಿತ್ತು. ಅವನು ಆ ಮಾತು ಎತ್ತಲಿಲ್ಲ. ಬಟ್ಟಲನ್ನು ನೀರಿಗೆ ಬಿಟ್ಟು ಪಕ್ಕದಲ್ಲಿ ಕೂತ.

ದುರುಗ ಬಂಡೆಗಳ ಮರೆಯಲ್ಲಿ ಮಾಯವಾದ. ಜನ ಆ ಕಡೆಗೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೆಳಗಿನ ಏರಿನಲ್ಲಿ ಅವನ ತಲೆ ಕಾಣಿಸಿತು. ಇಷ್ಟು ಬೇಗ ಬರುತ್ತಾನೆಂದು ಕಾಟಯ್ಯ ಎಣಿಸಿರಲಿಲ್ಲ. ಬಟ್ಟಲಿನೊಳಗೆ ಇಣುಕಿ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಯಾರೂ ತನ್ನ ಕಡೆ ನೋಡುತ್ತಿಲ್ಲವೆಂದು ತಿಳಿದು, ಬಟ್ಟಲಿನ ಅಂಚಿಗೆ ಒಂದು ಬೆರಳು ಒತ್ತಿದ. ಒಂದು ಗುಟುಕು ನೀರು ಒಳಗೆ ನುಗ್ಗಿತು. ಕೈ ಹಿಂತೆಗೆದುಕೊಂಡ.

ದುರುಗ ಬಂದು ಕಲ್ಲು ಮುಟ್ಟಿದ. ಹಿರಿಯರು ನೋಡಿದರು. ಗೆರೆ ನೀರಿನಡಿ ಇತ್ತು.

"ಅಜ್ಜನ ದಾರಿಯಲ್ಲಿ ಅಜ್ಜನೇ ದೊಡ್ಡವನು" ಎಂದು ದುರುಗ ಎಲ್ಲರ ಮುಂದೆ ಬಾಗಿ ಕಾಟಯ್ಯನ ಕಾಲು ಮುಟ್ಟಿದ. ದುರುಗ ನಿಂತ ಜಾಗದಲ್ಲಿ ನೆಲ ಕೆಂಪಾಗಿತ್ತು. ನಾಯಕ ಕಾಟಯ್ಯನಿಗೆ ಶಾಲು ಹೊದಿಸಿದ. ಅಂದು ಅವನು ಮನೆಯಲ್ಲಿ ಎರಡು ಮುದ್ದೆ ಉಂಡ.

ಸುಖ ಹೆಚ್ಚು ದಿನ ಉಳಿಯಲಿಲ್ಲ. ದುರುಗನ ಹಿಮ್ಮಡಿಯಲ್ಲಿ ಮುಳ್ಳು ಮುರಿದು ಒಳಗೇ ಉಳಿದಿತ್ತು. ಕಾಲು ಕೀವಾಯಿತು. ನಾಟಿ ವೈದ್ಯ ಕೊಯ್ದು ಮುಳ್ಳು ತೆಗೆದ, ಜೀವ ಉಳಿಯಿತು. ಆದರೆ ಹೆಜ್ಜೆ ಊರಲು ಆಗದೆ ಅವನು ಹಟ್ಟಿಯಲ್ಲೇ ಬಿದ್ದುಕೊಂಡ. ದುರುಗನೇ ಇಲ್ಲದ ಮೇಲೆ ಓಡುವುದೇನು, ನೋಡುವುದೇನು ಎಂದು ಮರುವರ್ಷದ ಪಂದ್ಯಕ್ಕೆ ಯಾರೂ ಬರಲಿಲ್ಲ. ಕಾಟಯ್ಯ ಬಟ್ಟಲನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಬಾಗಿಲಲ್ಲಿ ಸಂಜೆಯವರೆಗೆ ಕೂತು ಎದ್ದು ಬಂದ. ಬಾವಿಯ ಹತ್ತಿರ ಹೆಂಗಸರು ದುರುಗನ ಹೆಸರು ಎತ್ತಲಿಲ್ಲ. ಕಾಟಯ್ಯನ ಹೆಸರನ್ನೂ ಎತ್ತಲಿಲ್ಲ.

ಅವನನ್ನು ಕಾಡಿದ್ದು ಇನ್ನೊಂದು ಸಂಗತಿ. ತಾನು ಅಂಚನ್ನು ಒತ್ತಿದಾಗ ನೀರು ಎಲ್ಲಿತ್ತು? ಗೆರೆಯ ಕೆಳಗಿತ್ತೋ, ಆಗಲೇ ಮೇಲೆ ಬಂದಿತ್ತೋ? ಅವನು ನೋಡಿರಲಿಲ್ಲ. ಒತ್ತದೆ ಬಿಟ್ಟಿದ್ದರೆ ತಾನೇ ಗೆಲ್ಲುತ್ತಿದ್ದೆನೋ ಏನೋ. ಜಗತ್ತಿನಲ್ಲಿ ಯಾವ ಒಂದು ಸಂಗತಿಯನ್ನು ತಿಳಿಯಲು ಅವನು ಒಂದು ವರ್ಷ ಊಟ ನಿದ್ದೆ ಬಿಟ್ಟಿದ್ದನೋ, ಅದನ್ನು ಅವನ ಬೆರಳೇ ಅಳಿಸಿ ಹಾಕಿತ್ತು.

ಕೊನೆಗೆ ಒಂದು ಬೆಳಿಗ್ಗೆ ಕೋಲೂರಿಕೊಂಡು ದುರುಗನ ಹಟ್ಟಿಗೆ ಹೋದ. ದುರುಗ ಗೋಡೆಗೆ ಒರಗಿ ಕೂತು ಹಗ್ಗ ಹೊಸೆಯುತ್ತಿದ್ದ.

"ದುರುಗ, ಆ ದಿನ ನಾನು ಬಟ್ಟಲನ್ನು ಮುಟ್ಟಿದೆ" ಎಂದ ಕಾಟಯ್ಯ.

"ಗೊತ್ತು ಅಜ್ಜ."

"ಯಾರೂ ನನ್ನನ್ನು ನೋಡಲಿಲ್ಲ."

"ಊರೆಲ್ಲ ನನ್ನನ್ನು ನೋಡುತ್ತಿತ್ತು. ನಾನು ನಿಮ್ಮನ್ನು ನೋಡುತ್ತಿದ್ದೆ. ಪ್ರತಿ ಸಲ ನಿಮ್ಮನ್ನು ನೋಡಿಕೊಂಡೇ ಅಲ್ಲವೇ ನಾನು ಓಡುತ್ತಿದ್ದುದು?"

ಕಾಟಯ್ಯ ಕೋಲನ್ನು ಗೋಡೆಗೆ ಒರಗಿಸಿ ಅವನ ಎದುರು ಕೂತ. "ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?"

ದುರುಗ ಹಗ್ಗ ಹೊಸೆಯುವುದನ್ನು ನಿಲ್ಲಿಸಿದ. "ದನದ ಹಿಂದೆ ಅಲೆಯುವ ವಯಸ್ಸಿನಿಂದಲೂ ನಿಮ್ಮ ಗೆರೆಯ ಕತೆ ಕೇಳಿ ಕೇಳಿ ಓಡಿದವನು ನಾನು. ನೀವು ಸುಳ್ಳೆಂದು ಆ ದಿನ ನಾನು ಊರಿಗೆ ಹೇಳಿದ್ದರೆ, ಇಷ್ಟು ವರ್ಷ ಯಾರ ಹಿಂದೆ ಓಡಿದ ಹಾಗಾಗುತ್ತಿತ್ತು?"

ಕಾಟಯ್ಯ ಅಲ್ಲಿಂದ ನೇರ ನಾಯಕನ ಚಾವಡಿಗೆ ಹೋದ. ಹೆಗಲ ಮೇಲಿನ ಶಾಲನ್ನು ಮಡಿಸಿ ಕೆಳಗಿಟ್ಟು, ನಡೆದದ್ದನ್ನು ನಡೆದ ಹಾಗೆ ಎಲ್ಲರ ಮುಂದೆ ಹೇಳಿದ. ನಾಯಕ ಅವನನ್ನು ಬಟ್ಟಲಿನ ಕಾವಲಿನಿಂದ ತೆಗೆದುಹಾಕಿದ. ಅಷ್ಟೇ ಆಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಊರು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮುದಿತನದಲ್ಲಿ ಬೆರಳು ಇಟ್ಟವನು ಪ್ರಾಯದಲ್ಲಿ ಏನು ಮಾಡಿದ್ದನೋ, ಆ ಗೆರೆಯೂ ಹೀಗೇ ಬಂದಿರಬೇಕು ಎಂದು ಜನ ಆಡಿಕೊಂಡರು. ಅವನ ಬದುಕಿನ ಒಂದೇ ಒಂದು ನಿಜವಾದ ಓಟ ಊರಿನ ಬಾಯಲ್ಲಿ ಸುಳ್ಳಾಯಿತು. ಅವನು ಓಡಿದ್ದನ್ನು ಕಣ್ಣಾರೆ ಕಂಡವರು ಆ ಹೊತ್ತಿಗೆ ಬಹಳ ಮಂದಿ ಉಳಿದಿರಲಿಲ್ಲ. ಉಳಿದವರೂ ಬಾಯಿ ಬಿಡಲಿಲ್ಲ.

"ಅಜ್ಜನ ಗೆರೆ ನಿಜ" ಎಂದು ಹೇಳುತ್ತ ಬಂದವನು ದುರುಗ ಒಬ್ಬನೇ. "ಹಳೆ ದಾರಿಯಲ್ಲಿ ಓಡಿ ನೋಡಿದವನು ನಾನು. ಅಲ್ಲಿ ಆ ಗೆರೆ ಬರೆಸಿಕೊಳ್ಳಬೇಕಾದರೆ ಎಂಥ ಕಾಲು ಬೇಕೆಂದು ನನಗೆ ಗೊತ್ತು" ಎನ್ನುತ್ತಿದ್ದ. ಅವನ ಮಾತನ್ನು ಕೆಲವರು ನಂಬಿದರು, ಕೆಲವರು ನಂಬಲಿಲ್ಲ.

ಕಾಟಯ್ಯ ಪ್ರತಿದಿನ ಹಟ್ಟಿಗೆ ಹೋಗಿ, ಹರಳೆಣ್ಣೆ ಬಿಸಿ ಮಾಡಿ ದುರುಗನ ಕಾಲಿಗೆ ತಿಕ್ಕುತ್ತಿದ್ದ. ಮೊದಮೊದಲು ದುರುಗನ ತಾಯಿ ಬಾಗಿಲಲ್ಲೇ ಮುಖ ತಿರುಗಿಸುತ್ತಿದ್ದಳು. ಆಮೇಲೆ ಎಣ್ಣೆಯ ಬಟ್ಟಲನ್ನು ತಾನೇ ಒಲೆಯ ಪಕ್ಕ ಇಟ್ಟಿರುತ್ತಿದ್ದಳು. ದುರುಗ ಎದ್ದು ನಡೆದ. ಬರಬರುತ್ತ ಓಡಿದ. ಆದರೆ ಮೊದಲಿನ ಕಾಲು ಮತ್ತೆ ಬರಲಿಲ್ಲ. ಪಂದ್ಯದಲ್ಲಿ ಅವನ ನೀರು ಎಲ್ಲರ ನೀರಿನ ಹಾಗೆ ಗೆರೆಯನ್ನು ಮುಳುಗಿಸಿತು. ಆದರೂ ಅವನು ಪ್ರತಿ ವರ್ಷ ಓಡಿದ. ಅವನು ಓಡುವಾಗಲೆಲ್ಲ ಕಾಟಯ್ಯ ಜನರ ನಡುವೆ ನಿಂತು ನೋಡುತ್ತಿದ್ದ. ಎದೆಯಲ್ಲಿ ಕಿಚ್ಚು ಪೂರಾ ಆರಿತ್ತೆಂದು ಹೇಳಲಾರೆ. ಆ ಹೆಜ್ಜೆ ನೆಲದಿಂದ ಏಳುವುದನ್ನು ಕಂಡಾಗ ಈಗಲೂ ಒಳಗೆ ಏನೋ ಚುರುಕ್ಕೆನ್ನುತ್ತಿತ್ತು. ಅವನು ಅದನ್ನು ನುಂಗಿಕೊಂಡು, ದುರುಗ ಮುಗಿಸಿ ಬಂದಾಗ ಅವನ ಕಾಲಿನ ಧೂಳು ಒರೆಸುತ್ತಿದ್ದ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ಏನೋ ಬರುತ್ತದೆಂದು ಕಾದ. ಬರಲಿಲ್ಲ.

"ಗುರುಗಳೇ, ಹಾಗಾದರೆ ನಿಜಕ್ಕೂ ದೊಡ್ಡವನು ಯಾರು? ಕಾಟಯ್ಯ ಮುಟ್ಟದೇ ಇದ್ದಿದ್ದರೆ ಆ ದಿನ ನೀರು ಎಲ್ಲಿ ನಿಲ್ಲುತ್ತಿತ್ತು?"

ಗುರು ಅವನ ಮುಖ ನೋಡಿ ಹೇಳಿದರು:

"ಓಡುತ್ತಿರುವವರು ಯಾರೂ ಇದುವರೆಗೆ ಈ ಪ್ರಶ್ನೆಯನ್ನು ನನ್ನ ಹತ್ತಿರ ತಂದಿಲ್ಲ."